ಸ್ಟುಡಿಯೋ ಮನೆಗೆ ಬಂತು, ಸ್ಟುಡಿಯೋದ ಆಫೀಸು ಬರ್ಲಿಲ್ಲ

1/8

ನೇರ ವಿಷಯಕ್ಕೇ ಬರ್ತೇನೆ. ನಾಲ್ಕು ಜನ ದೋಸ್ತಿಗಳು ಸೇರಿ ಒಂದು ರೂಮಲ್ಲಿ ಹಿಪ್‌ಹಾಪ್ ಆಲ್ಬಮ್ ಮಾಡ್ತಾರೆ ಅಂತ ಇಟ್ಕೊಳ್ಳಿ. ಇಬ್ಬರು ಬರೆದು ಹಾಡ್ತಾರೆ. ಒಬ್ಬಳು ಬೀಟ್ ಮಾಡ್ತಾಳೆ. ಇನ್ನೊಬ್ಬನ ಮನೆಯಲ್ಲಿ ರೆಕಾರ್ಡಿಂಗ್, ಮಿಕ್ಸಿಂಗೂ ಅವನದ್ದೇ. ಹಾಡು ಚಂದ ಬಂತು, ರಿಲೀಸ್ ಆಯ್ತು, ರೀಲ್ಸಲ್ಲಿ ಓಡಿತು. ಈಗ ನನ್ನ ಪ್ರಶ್ನೆ: ಆ ಆಲ್ಬಮ್ ಯಾರದ್ದು?

"ನಮ್ಮೆಲ್ಲರದ್ದು" ಅಂತ ಹೇಳ್ತೀರಿ. ಕೇಳ್ಲಿಕ್ಕೆ ಚಂದ ಉಂಟು. ಆದ್ರೆ ನಾಲ್ವರನ್ನೂ ಬೇರೆ ಬೇರೆ ಕೂರಿಸಿ ಕೇಳಿ ನೋಡಿ. ಬರೆದವ ಹೇಳ್ತಾನೆ, ಜನ ಕೇಳುದು ನನ್ನ ಮಾತನ್ನು. ಬೀಟ್ ಮಾಡಿದವಳು ಹೇಳ್ತಾಳೆ, ಬೀಟ್ ಇಲ್ಲದಿದ್ರೆ ಅದು ಬರೀ ಭಾಷಣ. ಮೈಕ್ ತೆಗೊಂಡವ ಹೇಳ್ತಾನೆ, ದುಡ್ಡು ಹಾಕಿದ್ದು ನಾನು. ನಾಲ್ಕು ಜನ, ನಾಲ್ಕು ಉತ್ತರ, ಮತ್ತೆ ನಾಲ್ಕೂ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ.

ನನ್ನ ಅಭಿಪ್ರಾಯ ಸಿಂಪಲ್. ಮೊದಲ ವರ್ಸ್ ರೆಕಾರ್ಡ್ ಮಾಡುವುದಕ್ಕಿಂತ ಮುಂಚೆ ಒಂದು ಎ4 ಹಾಳೆಯಲ್ಲಿ ಯಾರದ್ದು ಎಷ್ಟು ಅಂತ ಬರೆದು ಎಲ್ರೂ ಸಹಿ ಹಾಕ್ಬೇಕು. "ದೋಸ್ತಿಯಲ್ಲಿ ಎಂತ ಮಾರಾಯ ಲೆಕ್ಕ" ಅಂತ ಹೇಳುವವರಿಗೇ ಈ ಸೀರೀಸ್. ದೋಸ್ತಿ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ, ಅದು ಉಳೀಲಿ ಅಂತಲೇ ಬರೆಯುದು.

ಎಂಟು ಪೋಸ್ಟ್ ಉಂಟು. ಸ್ವೈಪ್ ಮಾಡಿ ಓಡ್ಬೇಡಿ, ಪರೀಕ್ಷೆಗೆ ಬರುವ ವಿಷಯವೂ ಒಳಗೆ ಉಂಟು.

2/8

ಮನೆ ಸ್ಟುಡಿಯೋಗೆ ನಾನು ವಿರೋಧಿ ಅಲ್ಲವೇ ಅಲ್ಲ. ಹಿಪ್‌ಹಾಪ್ ಹುಟ್ಟಿದ್ದೇ ಜನ ವಾಸ ಇರುವ ಒಂದು ಬಿಲ್ಡಿಂಗಲ್ಲಿ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ಅಪಾರ್ಟ್‌ಮೆಂಟಿನ ಹಾಲ್. ರೆಕಾರ್ಡ್ ತಿರುಗಿಸಿದ್ದು ಡಿಜೆ ಕೂಲ್ ಹರ್ಕ್, ಅವನ ಹೆಸರು ಎಲ್ಲರಿಗೂ ಗೊತ್ತು. ಆದ್ರೆ ಪಾರ್ಟಿ ಇಟ್ಟದ್ದು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ಅವಳಿಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಎಂಟ್ರಿ. ಹಿಪ್‌ಹಾಪಿನ ಮೊದಲ ರಾತ್ರಿಯಲ್ಲೇ ಲೆಕ್ಕ ಉಂಟು, ನೋಡಿ.

ಡೆಟ್ರಾಯಿಟ್‌ನ ಸ್ಲಮ್ ವಿಲೇಜ್ ಗ್ರೂಪ್ ಕೇಳಿದ್ದೀರಾ? ಜೆ ಡಿಲ್ಲಾ, ಟಿ3, ಬಾಟಿನ್, ಮೂರೇ ಜನ. 90ರ ದಶಕದಲ್ಲಿ ಡಿಲ್ಲಾನ ಮನೆಯ ನೆಲಮಾಳಿಗೆಯಲ್ಲಿ ಕೂತು ಆಲ್ಬಮ್ ಮಾಡಿದ್ರು, ಅದು ಕ್ಯಾಸೆಟ್ ಆಗಿ ಕೈಯಿಂದ ಕೈಗೆ ಹೋಯ್ತು. ಡಿಲ್ಲಾ ಬೀಟ್ ಮಾಡುತ್ತಿದ್ದ ಎಂಪಿಸಿ ಮೆಷಿನ್ ಇವತ್ತು ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿ ಉಂಟು.

ನಮ್ಮಲ್ಲೂ ಈಗ ಕಷ್ಟ ಇಲ್ಲ. ಬ್ಯಾಂಡ್‌ಲ್ಯಾಬ್ ಫ್ರೀ, ರೀಪರ್ 60 ದಿನ ದುಡ್ಡು ಕೊಡದೆ ಟ್ರೈ ಮಾಡ್ಬಹುದು. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆಗೆದು ಅದರ ಎದುರು ನಿಂತ್ರೆ ಅರ್ಧ ವೋಕಲ್ ಬೂತ್ ಆಯ್ತು. ಜೂನಿಂದ ಸೆಪ್ಟೆಂಬರ್ ತನಕ ಶೀಟಿನ ಮೇಲೆ ಬೀಳುವ ಮಳೆಗೆ ಕಂಡೆನ್ಸರ್ ಮೈಕ್ ಹಿಡಿದ್ರೆ ಮಳೆಯೇ ಲೀಡ್ ಸಿಂಗರ್. ಡೈನಾಮಿಕ್ ಮೈಕ್ ಬಾಯಿ ಹತ್ತಿರ ಇಟ್ಕೊಂಡ್ರೆ ಬಚಾವ್. ಫ್ಯಾನ್ ಆಫ್, ಅಡುಗೆಮನೆಯ ಮಿಕ್ಸಿ ನಿಲ್ಲುವ ತನಕ ವೆಯ್ಟಿಂಗ್, ಮತ್ತೆ ಟೇಕ್.

ಆದ್ರೆ ಹಿಂದೆ ದೊಡ್ಡ ಸ್ಟುಡಿಯೋ, ಕಂಪನಿ ಅಂದ್ರೆ ಬರೀ ಮೈಕ್ ಆಗಿರಲಿಲ್ಲ. ಯಾರು ಬರೆದದ್ದು, ಯಾರು ಬಾರಿಸಿದ್ದು, ಯಾರಿಗೆ ಎಷ್ಟು ಅಂತ ಬರೆದಿಡುವ ಒಂದು ಆಫೀಸೂ ಇತ್ತು. ಆ ಆಫೀಸು ಎಷ್ಟೋ ಸಲ ಕಲಾವಿದರಿಗೆ ಮೋಸ ಮಾಡಿದೆ, ಅದು ಬೇರೆ ಕತೆ. ಆದ್ರೆ ಕಾಗದ ಅಂತ ಒಂದು ಇತ್ತು. ಮೈಕ್ ನಮ್ಮ ಮನೆಗೆ ಬಂತು, ಕಾಗದ ಬರ್ಲಿಲ್ಲ.

3/8

ಈಗ ಬಿಕಾಂ ಕ್ಲಾಸ್. ಎದ್ದು ಹೋಗ್ಬೇಡಿ.

ಕೆಲವರು ಸೇರಿ ವ್ಯವಹಾರ ಮಾಡಿ ಲಾಭ ಹಂಚಿಕೊಳ್ಳುವ ಅಂತ ಒಪ್ಪಿಕೊಂಡ್ರೆ ಅದು ಪಾಲುದಾರಿಕೆ. ಭಾರತೀಯ ಪಾಲುದಾರಿಕೆ ಕಾಯ್ದೆ, 1932, ಸೆಕ್ಷನ್ 4. ಅದಕ್ಕೆ ಸ್ಟಾಂಪ್ ಪೇಪರೇ ಬೇಕು ಅಂತಿಲ್ಲ, ಬಾಯಿ ಮಾತೂ ಸಾಕು. ಅಂದ್ರೆ ಶೋ ಮಾಡಿ, ಹಾಡು ಮಾರಿ, ಬಂದದ್ದು ಹಂಚಿಕೊಳ್ಳುವ ಅಂತ ನಾಲ್ವರು ಒಪ್ಪಿ ಕೆಲಸ ಶುರು ಮಾಡಿದ್ರೆ, ನಿಮಗೆ ಗೊತ್ತಿಲ್ಲದೆಯೇ ನೀವು ಪಾಲುದಾರರು ಅಂತ ಯಾರಾದ್ರೂ ವಾದ ಮಾಡ್ಬಹುದು.

ಹಾಗಾದ್ರೆ ಏನೂ ಬರೆದಿಡದಿದ್ರೆ ಎಂತ ಆಗ್ತದೆ? ಸೆಕ್ಷನ್ 13 ಹೇಳ್ತದೆ. ಬೇರೆ ಕರಾರು ಇಲ್ಲದಿದ್ರೆ ಲಾಭವೂ ಸಮ, ನಷ್ಟವೂ ಸಮ. ಮತ್ತೆ ಅದೇ ಸೆಕ್ಷನಿನ ಮೊದಲ ಕಲಂ ನೋಡಿ: ವ್ಯವಹಾರ ನಡೆಸಿದ್ದಕ್ಕೆ ಪಾಲುದಾರನಿಗೆ ಬೇರೆ ಸಂಬಳ ಇಲ್ಲ. ನಲ್ವತ್ತು ರಾತ್ರಿ ಹೆಡ್‌ಫೋನ್ ಹಾಕಿ ಮಿಕ್ಸ್ ಮಾಡಿದವನಿಗೂ, ಒಂದು ಭಾನುವಾರ ಬಂದು ಎಂಟು ಸಾಲು ಹೇಳಿ ಹೋದವನಿಗೂ ಒಂದೇ ಪಾಲು. ಬಂಡವಾಳಕ್ಕಿಂತ ಜಾಸ್ತಿ ಕೈಯಿಂದ ದುಡ್ಡು ಹಾಕಿದವನಿಗೆ ಮಾತ್ರ ವರ್ಷಕ್ಕೆ 6% ಬಡ್ಡಿ ಉಂಟು.

ಇದು ಅನ್ಯಾಯ ಅಂತ ನಾನು ಹೇಳುದಿಲ್ಲ. ಸಮಪಾಲು ಎಷ್ಟೋ ಗ್ರೂಪಿಗೆ ಸರಿಯಾದ ಉತ್ತರವೇ ಆಗಿರಬಹುದು. ನಾನು ಹೇಳುದು ಇಷ್ಟೇ: ನೀವು ನಿರ್ಧಾರ ಮಾಡದಿದ್ರೆ 1932ರ ಕಾಯ್ದೆ ನಿಮ್ಮ ಪರವಾಗಿ ನಿರ್ಧಾರ ಮಾಡ್ತದೆ. ಅದನ್ನು ಬರೆದವರು ನಿಮ್ಮ ಹಾಡು ಕೇಳಿಲ್ಲ.

(ಗ್ರೂಪ್ ಒಡೆದ ಮೇಲಿನ ಲೆಕ್ಕ ಬೇಕಾದವರು ಗಾರ್ನರ್ ವರ್ಸಸ್ ಮುರ್ರೆ ಓದಿ. ಆ ಚಾಪ್ಟರ್ ನೋಡಿ ತಲೆ ಕೆಟ್ಟವರು ಕೈ ಎತ್ತಿ.)

4/8

ಪಾಲಿನ ಮೊದಲು ಇನ್ನೊಂದು ವಿಷಯ ಗೊತ್ತಿರಬೇಕು. ಒಂದು ಟ್ರ್ಯಾಕಿನ ಒಳಗೆ ಒಂದಲ್ಲ, ಬೇರೆ ಬೇರೆ ಹಕ್ಕುಗಳು ಉಂಟು. ಸಾಹಿತ್ಯ ಬರೆದವರದ್ದು ಒಂದು. ಸಂಗೀತ ಮಾಡಿದವರದ್ದು ಒಂದು. ಕೊನೆಗೆ ರೆಕಾರ್ಡಿಂಗ್, ಎಲ್ಲರೂ ಮಾಸ್ಟರ್ ಅಂತ ಹೇಳುದು ಅದನ್ನೇ. ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ರೆಕಾರ್ಡಿಂಗಿನ ಹಕ್ಕು 'ನಿರ್ಮಾಪಕ'ನದ್ದು. ಅವನು ಯಾರು? ಅದನ್ನು ಮಾಡಲು ಮುಂದಾಳತ್ವವನ್ನೂ ಹೊಣೆಯನ್ನೂ ಹೊತ್ತವ. ನಾಲ್ಕು ಜನರ ರೂಮಲ್ಲಿ ಆ ವ್ಯಕ್ತಿ ಯಾರು ಅಂತ ಕೇಳಿದ್ರೆ ಜಗಳ ಅಲ್ಲೇ ಶುರು.

"ನನ್ನ ಮನೆ, ನನ್ನ ಲ್ಯಾಪ್‌ಟಾಪ್, ಹಾಗಾಗಿ ಹಾಡೂ ನನ್ನದು" ಅನ್ನುವವರಿಗೆ ನಮ್ಮೂರಿಂದಲೇ ಒಂದು ಕೇಸು ಹೇಳ್ತೇನೆ. ಕೋಟ ಶಿವರಾಮ ಕಾರಂತರು ಯಕ್ಷಗಾನವನ್ನು ಹೊಸ ರೀತಿಯಲ್ಲಿ ಕಟ್ಟಿ 'ಯಕ್ಷರಂಗ' ಮಾಡಿದ್ರು. ಉಡುಪಿಯ ಯಕ್ಷಗಾನ ಕೇಂದ್ರದ ನಿರ್ದೇಶಕರೂ ಆಗಿದ್ರು, ಆ ಕೇಂದ್ರ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್‌ನ ಕೆಳಗೆ ಇತ್ತು. 1997ರಲ್ಲಿ ಕಾರಂತರು ತೀರಿಕೊಂಡ್ರು. 1994ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬರೆದಿದ್ರು. 2001ರಲ್ಲಿ ದೆಹಲಿಯಲ್ಲಿ 'ಅಭಿಮನ್ಯು ವಧೆ' ಪ್ರದರ್ಶನ ಆದಾಗ ಮಾಲಿನಿ ಮಲ್ಯ ಕೋರ್ಟಿಗೆ ಹೋದ್ರು. ಕಾರಂತರು ನಮ್ಮ ಕೇಂದ್ರದ ನಿರ್ದೇಶಕರಾಗಿದ್ದಾಗ ಆದ ಕೆಲಸ ಅದು ಅಂತ ಸಂಸ್ಥೆಯ ವಾದ.

ಕೇಸು ಸುಪ್ರೀಂ ಕೋರ್ಟ್ ತನಕ ಹೋಯ್ತು. 2009ರ ಜನವರಿಯಲ್ಲಿ ತೀರ್ಪು ಬಂತು. ಹಕ್ಕು ಮಾಲಿನಿ ಮಲ್ಯ ಅವರಲ್ಲೇ ಉಳಿಯಿತು. ಕಾನೂನೇ ವಿನಾಯಿತಿ ಕೊಟ್ಟ ಪ್ರದರ್ಶನಗಳಿಗೆ ಅಡ್ಡಿ ಇಲ್ಲ ಅಂತಲೂ ಕೋರ್ಟು ಸ್ಪಷ್ಟ ಮಾಡಿತು.

ಎರಡು ಪಾಠ. ಜಾಗ ಕೊಟ್ಟ ಮಾತ್ರಕ್ಕೆ ಕೃತಿ ಜಾಗದವರದ್ದಾಗುದಿಲ್ಲ. ಮತ್ತೆ, ಕಾರಂತರಂಥವರ ಕೆಲಸಕ್ಕೂ ಕೊನೆಗೆ ಆಧಾರವಾಗಿ ನಿಂತದ್ದು ಅವರು ಬರೆದಿಟ್ಟ ಕಾಗದ.

5/8

"ಅದೆಲ್ಲ ದೊಡ್ಡವರ ಕತೆ, ಯಕ್ಷಗಾನದ ಕತೆ. ರ‍್ಯಾಪಲ್ಲಿ ಎಲ್ಲಿ ಉಂಟು?"

ಉಂಟು. 'ಎಂಜಾಯ್ ಎಂಜಾಮಿ' ಗೊತ್ತಿಲ್ಲದವರು ಯಾರೂ ಇರ್ಲಿಕ್ಕಿಲ್ಲ. 2021ರ ಮಾರ್ಚಲ್ಲಿ ಬಂದ ಇಂಡಿಪೆಂಡೆಂಟ್ ತಮಿಳು ಹಾಡು, ಸಿನಿಮಾದ್ದಲ್ಲ. ಧೀ ಮತ್ತು ಅರಿವು ಹಾಡಿದ್ದು, ಸಂತೋಷ್ ನಾರಾಯಣನ್ ಜೊತೆ ಮಾಡಿದ್ದು. ಭೂಮಿ ಇಲ್ಲದೆ ದುಡಿದ ಹಿರಿಯರ ನೆನಪಿನಿಂದ ಬಂದ ಹಾಡು. ಭಾಷೆ ಬಾರದ ನಾವೂ ಕುಣಿದೆವು.

ಅದೇ ವರ್ಷ ಆಗಸ್ಟಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾದ ಕವರಲ್ಲಿ ಧೀ ಇದ್ರು, ಅರಿವು ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಪ್ರಶ್ನೆ ಮಾಡಿದ್ರು, ಆಮೇಲೆ ಅರಿವು ಅವರ ಡಿಜಿಟಲ್ ಕವರ್ ಬಂತು. 2022ರಲ್ಲಿ ಚೆನ್ನೈ ಚೆಸ್ ಒಲಿಂಪಿಯಾಡಿನ ಉದ್ಘಾಟನೆಗೆ ಅರಿವು ಇಲ್ಲದೆ ಆ ಹಾಡು ನಡೆಯಿತು. ಆಗ ಅರಿವು ತನ್ನ ಕೆಲಸ ಎಷ್ಟು ಅಂತ ಪೋಸ್ಟ್ ಬರೆದ್ರು, ಸಂತೋಷ್ ಮತ್ತು ಧೀ ತಮ್ಮ ಕಡೆಯದ್ದನ್ನು ಬರೆದ್ರು. 2024ರಲ್ಲಿ ಸಂತೋಷ್ ನಾರಾಯಣನ್ ವಿಡಿಯೊ ಹಾಕಿ, ಈ ಹಾಡಿನಿಂದ ತಮಗೆ ಯಾರಿಗೂ ದುಡ್ಡೇ ಬಂದಿಲ್ಲ ಅಂತ ಹೇಳಿದ್ರು.

ಯಾರು ಸರಿ ಅಂತ ತೀರ್ಪು ಕೊಡ್ಲಿಕ್ಕೆ ನಾನು ಯಾರೂ ಅಲ್ಲ. ನನಗೆ ಕಾಣುದು ಒಂದೇ. ಅಷ್ಟು ಅನುಭವ ಇದ್ದವರ ಮಧ್ಯೆಯೇ ಒಂದು ಹಾಡಿನ ಬಗ್ಗೆ, ಯಾರು ಎಷ್ಟು ಮಾಡಿದ್ರು ಅಂತ ಊರಿಗೆ ಊರೇ ಚರ್ಚೆ ಮಾಡುವ ಹಾಗೆ ಆಯ್ತು. ನಾವು ವಾಟ್ಸಾಪ್ ಗ್ರೂಪಲ್ಲಿ "ಓಕೆ ಬ್ರೋ, ಸೆಟ್" ಅಂತ ಟೈಪ್ ಮಾಡಿ ಆಲ್ಬಮ್ ರಿಲೀಸ್ ಮಾಡುವವರು. ನಮ್ಮ ಗತಿ?

ಅಲ್ಲಿ ನೋವಾದದ್ದು ಬರೀ ದುಡ್ಡಿಗೆ ಅಲ್ಲ, ಹೆಸರಿಗೆ. ಹಿಪ್‌ಹಾಪಲ್ಲಿ ಹೆಸರೇ ಆಸ್ತಿ. ಹೆಸರು ಹೇಳ್ಲಿಕ್ಕೇ ನಾವು ಮೈಕ್ ಹಿಡಿಯುದು.

6/8

ಈಗ ಬಲವಾದ ಆಕ್ಷೇಪ. "ದುಡ್ಡೇ ಬರುದಿಲ್ಲ, ಎಂತ ಹಂಚುದು?"

ನ್ಯಾಯವಾದ ಮಾತು. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸ್ಟ್ರೀಮ್ ಆಗದ ಟ್ರ್ಯಾಕಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಆಲ್ಬಮಿಗೆ ಒಟ್ಟು 1000 ಅಲ್ಲ, ಒಂದೊಂದು ಟ್ರ್ಯಾಕಿಗೂ 1000. ಹತ್ತು ಟ್ರ್ಯಾಕಲ್ಲಿ ಎರಡು ಓಡಿ ಎಂಟು ಮಲಗಿದ್ರೆ ಎಂಟಕ್ಕೆ ಸೊನ್ನೆ. ಕನ್ನಡದಲ್ಲಿ, ತುಳುವಲ್ಲಿ ಮೊದಲ ಆಲ್ಬಮ್ ಮಾಡುವ ಗ್ರೂಪಿಗೆ ಇದು ಸಣ್ಣ ಗೋಡೆ ಅಲ್ಲ.

ಆದ್ರೆ ದುಡ್ಡು ಬಾರದಿದ್ದಾಗಲೂ ಒಂದು ಸಂಗತಿ ಉಂಟು: ಲಾಗಿನ್. ಆಲ್ಬಮನ್ನು ಆ್ಯಪ್‌ಗಳಿಗೆ ಹಾಕುದು ಡಿಸ್ಟ್ರಿಬ್ಯೂಟರ್ ಮೂಲಕ. ಆ ಅಕೌಂಟ್ ಸಾಧಾರಣವಾಗಿ ಒಬ್ಬನ ಇಮೇಲಲ್ಲಿ ಇರ್ತದೆ, ಒಬ್ಬನ ಕಾರ್ಡಿಂದ ಫೀಸು ಹೋಗ್ತದೆ. ಕೆಲವು ಕಡೆ ವರ್ಷದ ಫೀಸು ಕಟ್ಟದಿದ್ರೆ ಹಾಡು ಇಳಿದುಹೋಗ್ತದೆ.

ಈಗ ನಮ್ಮ ಊರಿನ ಕ್ಯಾಲೆಂಡರ್ ಹಾಕಿ ನೋಡಿ. ಆರನೇ ಸೆಮ್ ಮುಗೀತದೆ. ಒಬ್ಬ ಬೆಂಗಳೂರಿಗೆ, ಒಬ್ಬಳು ಸಿಎ ಆರ್ಟಿಕಲ್‌ಶಿಪ್ಪಿಗೆ, ಒಬ್ಬ ಮಾವನ ಹಿಂದೆ ದುಬೈಗೆ. ಲಾಗಿನ್ ಇದ್ದವನಿಗೆ ಹೊಸ ಕೆಲಸ, ಹೊಸ ನಂಬರ್. ಫೀಸಿನ ಮೇಲ್ ಓದದೆ ಬಿದ್ದಿರ್ತದೆ. ಒಂದು ದಿನ ಲಿಂಕ್ ಒತ್ತಿದ್ರೆ ಆಲ್ಬಮ್ ಇಲ್ಲ. ಪ್ರಾಜೆಕ್ಟ್ ಫೈಲ್ ಹಳೆ ಲ್ಯಾಪ್‌ಟಾಪಲ್ಲಿತ್ತು, ಆ ಲ್ಯಾಪ್‌ಟಾಪ್ ಎಕ್ಸ್‌ಚೇಂಜಿಗೆ ಹೋಯ್ತು.

ಯಾರೂ ಕೆಟ್ಟವರಲ್ಲ ಇಲ್ಲಿ. ಯಾರೂ ಕದ್ದಿಲ್ಲ. ಎರಡು ವರ್ಷದ ಕೆಲಸ ಮಾತ್ರ ಹೋಯ್ತು. ನನಗೆ ಹೆದರಿಕೆ ಇರುವುದು ಜಗಳಕ್ಕಲ್ಲ, ಹೀಗೆ ಸದ್ದಿಲ್ಲದೆ ಮಾಯ ಆಗುವುದಕ್ಕೆ. ಸ್ಲಮ್ ವಿಲೇಜಿನ ಕ್ಯಾಸೆಟ್ ಕೈಯಿಂದ ಕೈಗೆ ಹೋಗಿ ಉಳಿಯಿತು. ನಮ್ಮ ಆಲ್ಬಮ್ ಒಂದು ಪಾಸ್‌ವರ್ಡಲ್ಲಿ ನೇತಾಡ್ತಾ ಉಂಟು.

7/8

ಇನ್ನು ರೂಮಿನ ಹೊರಗಿನವರು.

ಮೊದಲು ಬೀಟ್. ಯೂಟ್ಯೂಬಿಂದ 'ಟೈಪ್ ಬೀಟ್' ಲೀಸಿಗೆ ತೆಗೊಂಡ್ರೆ ಅದು ಬಾಡಿಗೆ ಮನೆ. ಎಷ್ಟು ಸ್ಟ್ರೀಮ್ ತನಕ, ಎಷ್ಟು ವರ್ಷ ಅಂತ ಲೈಸೆನ್ಸಲ್ಲಿ ಬರೆದಿರ್ತದೆ. ಅದೇ ಬೀಟಲ್ಲಿ ಪುಣೆಯಲ್ಲೊಬ್ಬ, ಪೋಲೆಂಡಲ್ಲೊಬ್ಬ ಹಾಡಿರಬಹುದು. ತಪ್ಪಲ್ಲ, ಆದ್ರೆ "ನಮ್ಮ ಸೌಂಡ್" ಅಂತ ಎದೆ ತಟ್ಟುವ ಮೊದಲು ಲೈಸೆನ್ಸ್ ಓದಿ.

ನಮ್ಮ ಸೌಂಡ್ ಅಂದ್ರೆ ಯಾವುದು? ನನಗೆ ಕೇಳಿದ್ರೆ ತಾಸೆ. ವಿಟ್ಲಪಿಂಡಿಗೆ ಹುಲಿವೇಷ ಬರುವಾಗ ದೂರದಿಂದ ತಾಸೆ ಪೆಟ್ಟು ಕೇಳಿದ್ರೆ ಯಾರಿಗೆ ಕಾಲು ನಿಲ್ತದೆ? 808 ಬೇಸಿನ ಮೇಲೆ ಅದನ್ನು ಕೂರಿಸಿದ್ರೆ ಬೇರೆ ಊರಿನವರಿಗೆ ಕಾಪಿ ಮಾಡ್ಲಿಕ್ಕೂ ಕಷ್ಟ. ಹಾಗಾಗಿ ಹುಡುಗರು ಫೋನಲ್ಲಿ ರೆಕಾರ್ಡ್ ಮಾಡಿ ಕಟ್ ಮಾಡಿ ಲೂಪ್ ಹಾಕ್ತಾರೆ. ಕ್ರೆಡಿಟ್ಟಲ್ಲಿ ಬರೆಯುದು 'ಜಾನಪದ'.

ಇಲ್ಲಿ ನನಗೆ ಜಗಳ ಉಂಟು. ಆ ತಾಳ ಊರಿನದ್ದು ಆಗಿರಬಹುದು, ಆದ್ರೆ ಆ ಪೆಟ್ಟು ಒಬ್ಬ ಮನುಷ್ಯನದ್ದು. ಅವನಿಗೆ ಹೆಸರುಂಟು, ಮನೆಯುಂಟು. ಕಾನೂನಲ್ಲೂ ಪ್ರದರ್ಶಕನಿಗೆ ಹಕ್ಕುಂಟು, ಅವನ ಪ್ರದರ್ಶನವನ್ನು ರೆಕಾರ್ಡ್ ಮಾಡಿ ಬಳಸ್ಲಿಕ್ಕೆ ಒಪ್ಪಿಗೆ ಬೇಕು. ಕಾನೂನು ಬಿಡಿ. ಕಂಪನಿಯವರು ನಮ್ಮ ಹೆಸರು ಹಾಕ್ಲಿಲ್ಲ ಅಂತ ವರ್ಸ್ ಬರೆಯುವ ನಾವು ತಾಸೆಯವರ ಹೆಸರು ಹಾಕದಿದ್ರೆ, ಅವರ ಪಾಲಿಗೆ ನಾವೇ ಕಂಪನಿ.

ಕೇಳಿ. ಮನೆಗೆ ಹೋಗಿ ಕೇಳಿ, "ಅಣ್ಣ, ಹೀಗೊಂದು ಹಾಡು ಮಾಡ್ತಾ ಇದ್ದೇವೆ, ಒಂದು ಹತ್ತು ನಿಮಿಷ ಬಾರಿಸಿ ಕೊಡ್ತೀರಾ?" ಅಂತ. ಸಂಭಾವನೆ ಕೊಡಿ, ಹೆಸರು ಹಾಕಿ, ಹಾಳೆಯಲ್ಲಿ ಅವರಿಗೊಂದು ಸಾಲು ಬಿಡಿ. ಕದ್ದ ಲೂಪಿಗಿಂತ ಎದುರು ಕೂತು ಬಾರಿಸಿದ್ದು ಚಂದವೂ ಬರ್ತದೆ.

8/8

ಕೊನೆಗೆ ಹಾಳೆ. ವಕೀಲರ ಭಾಷೆ ಬೇಡ, ಕನ್ನಡದಲ್ಲೇ ಬರೀರಿ.

ಒಂದು: ಪ್ರತಿ ಟ್ರ್ಯಾಕಿಗೆ ಸಾಹಿತ್ಯ ಯಾರು, ಸಂಗೀತ ಯಾರು, ಬಾರಿಸಿದ್ದು ಯಾರು, ಮಿಕ್ಸ್ ಯಾರು. ಪೂರ್ತಿ ಹೆಸರು, ಸ್ಟೇಜ್ ಹೆಸರು ಎರಡೂ.

ಎರಡು: ಮಾಸ್ಟರ್ ಯಾರದ್ದು. ಎಲ್ಲರದ್ದು ಅಂತಾದ್ರೆ 'ಎಲ್ಲರದ್ದು, ಸಮ' ಅಂತ ಬರೀರಿ. ಹಕ್ಕು ಒಬ್ಬರಿಂದ ಒಬ್ಬರಿಗೆ ಹೋಗ್ಬೇಕಾದ್ರೆ ಲಿಖಿತವಾಗಿ, ಸಹಿಯೊಂದಿಗೆ ಇರಲೇಬೇಕು. ಎಷ್ಟು ವರ್ಷ ಅಂತ ಬರೆಯದಿದ್ರೆ ಕಾನೂನು 5 ವರ್ಷ ಅಂತ ಲೆಕ್ಕ ಹಾಕ್ತದೆ.

ಮೂರು: ದುಡ್ಡು. ಉದಾಹರಣೆಗೆ ₹10,000 ಬಂತು. ಅರ್ಧ ಹಾಡಿಗೆ, ಅರ್ಧ ರೆಕಾರ್ಡಿಂಗಿಗೆ ಅಂತ ಮಾಡಿದ್ರಿ. ಹಾಡಿನ 5,000ದಲ್ಲಿ ಬೀಟಿಗೆ 2,500, ಬರೆದ ಇಬ್ಬರಿಗೆ 1,250ರ ಹಾಗೆ. ರೆಕಾರ್ಡಿಂಗಿನ 5,000ದಲ್ಲಿ ಮೈಕಿನ ಖರ್ಚು 1,000 ತೆಗೆದು ಉಳಿದ 4,000 ನಾಲ್ವರಿಗೆ ಸಮ. ಬೀಟಿನವಳಿಗೆ 3,500, ಬರೆದವರಿಗೆ 2,250ರಂತೆ, ಮಿಕ್ಸಿನವನಿಗೆ ಖರ್ಚು ಬಿಟ್ಟು 1,000. ಮಿಕ್ಸಿನವ ಕೂಡ್ಲೇ ಕೇಳ್ತಾನೆ, "ನನ್ನ ನಲ್ವತ್ತು ರಾತ್ರಿಗೆ ಎಂತ?" ಸರಿಯಾದ ಪ್ರಶ್ನೆ. ಅದನ್ನು ಇವತ್ತೇ ಕೇಳ್ಲಿ, ಹಾಡು ಓಡಿದ ಮೇಲೆ ಅಲ್ಲ.

ನಾಲ್ಕು: ಲಾಗಿನ್ ಇಬ್ಬರ ಹತ್ರ, ಪ್ರಾಜೆಕ್ಟ್ ಫೈಲ್ ಎರಡು ಕಡೆ, ವರ್ಷದ ಫೀಸು ಯಾರು ಕಟ್ಟುದು.

ಐದು: ಬಿಟ್ಟು ಹೋಗುವವನಿಗೆ ಎಂತ ಉಳೀತದೆ, ಒಬ್ಬನೇ ಹಾಡು ಮಾಡ್ಬಹುದಾ. ವೂ-ಟ್ಯಾಂಗ್ ಕ್ಲಾನ್ 1993ರ ಮೊದಲ ಆಲ್ಬಮಿಗೆ ಸಹಿ ಹಾಕುವಾಗಲೇ, ಸದಸ್ಯರು ಬೇರೆ ಲೇಬಲಲ್ಲಿ ಸೋಲೋ ಮಾಡ್ಬಹುದು ಅಂತ ಬರೆಸಿಕೊಂಡಿದ್ರು. ಗ್ರೂಪೂ ಉಳೀತು, ಸೋಲೋಗಳೂ ಬಂದವು.

ಪಿಯುಸಿ ತಮ್ಮಂದಿರು, ತಂಗಿಯಂದಿರು ಗಮನ ಕೊಡಿ: 18 ತುಂಬದವರ ಸಹಿಗೆ ಕರಾರಲ್ಲಿ ಬೆಲೆ ಇಲ್ಲ, ಆದ್ರೆ ನೀವು ಬರೆದದ್ದು ನಿಮ್ಮದೇ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಾತಾಡಿ. ಅವರಿಗೆ ರ‍್ಯಾಪ್ ಅರ್ಥ ಆಗದಿದ್ರೂ ಹಾಳೆ ಅರ್ಥ ಆಗ್ತದೆ.

ಇದಕ್ಕೆಲ್ಲ ಬೇಕಾದದ್ದು ಒಂದು ಸಂಜೆ, ಒಂದು ಪೆನ್ನು, ನಾಲ್ಕು ಚಾ. ಆ ಒಂದು ಸಂಜೆಯ ಮಾತನ್ನೇ ತಡೆದುಕೊಳ್ಳದ ಗ್ರೂಪ್ ಹತ್ತು ಟ್ರ್ಯಾಕ್ ತನಕ ಹೋಗುದಿಲ್ಲ. ತಡೆದುಕೊಂಡ ಗ್ರೂಪ್ ಆಲ್ಬಮ್ ಮಾಡ್ಲಿ, ಲಾಂಚಿಗೆ ಮೊದಲ ಸಾಲಲ್ಲಿ ನಾನು ಇರ್ತೇನೆ, ಟಿಕೆಟ್ ದುಡ್ಡು ಕೊಟ್ಟೇ.

ನಿಮ್ಮ ಗ್ರೂಪಲ್ಲಿ ಲಾಗಿನ್ ಯಾರ ಹತ್ರ ಉಂಟೋ ಅವರನ್ನು ಕೆಳಗೆ ಟ್ಯಾಗ್ ಮಾಡಿ.

#ಪರ್ಕಳ #ಉಡುಪಿಹಿಪ್‌ಹಾಪ್ #ಮನೆಸ್ಟುಡಿಯೋ #ಬಿಕಾಂಲೆಕ್ಕ #ಹಾಳೆಬರೀರಿ